ಮಂಡಿ, ಅಂಗಡಿ, ಕಾರ್ಖಾನೆ: ಕೋಲಾರದಲ್ಲಿ ಯಾರಿಗೆ ಯಾವ ಬ್ಯಾಕಪ್?

ಬ್ಯಾಕಪ್, ಅಂದರೆ ಕಂಪ್ಯೂಟರ್‌ನಲ್ಲಿರುವ ಲೆಕ್ಕ ಮತ್ತು ಫೈಲ್‌ಗಳ ಇನ್ನೊಂದು ಪ್ರತಿ ಇಡುವ ಮಾತು ತೆಗೆದ ಕೂಡಲೇ ನಮ್ಮ ಕಡೆಯ ವ್ಯಾಪಾರಸ್ಥರು ಕೇಳುವುದು "ಎಷ್ಟಾಗುತ್ತದೆ?" ಎಂದು. ದೊಡ್ಡಪೇಟೆಯ ಬಟ್ಟೆ ಅಂಗಡಿಯವರಿಂದ ಹಿಡಿದು ವೇಮಗಲ್ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರವರೆಗೆ ಎಲ್ಲರದೂ ಇದೇ ಪ್ರಶ್ನೆ. ಪ್ರಶ್ನೆ ಸರಿ, ಸರದಿ ತಪ್ಪು. ಡೇಟಾ ಹೋದರೆ ಎಷ್ಟು ಕಳೆದುಕೊಳ್ಳುತ್ತೇವೆ ಎಂಬ ಅಂದಾಜು ಕೈಯಲ್ಲಿಲ್ಲದೆ ₹5,000ದ ಡಿಸ್ಕ್ ದುಬಾರಿಯೋ ₹40,000ದ ಯಂತ್ರ ಅಗ್ಗವೋ ಹೇಳಲು ಬರುವುದಿಲ್ಲ. ಲೆಕ್ಕ ಬರೆದು ರಿಟರ್ನ್ ಸಲ್ಲಿಸುವ ಕಸುಬು ನನ್ನದು. ಹಾಗಾಗಿ ಈ ಹೋಲಿಕೆಯನ್ನು ಖಾತೆ ಪುಸ್ತಕದ ಕಡೆಯಿಂದಲೇ ಶುರು ಮಾಡುತ್ತೇನೆ.

ದೊಡ್ಡ ವರದಿಗಳ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಭಾರತದಲ್ಲಿ ಒಂದು ಡೇಟಾ ಸೋರಿಕೆಯ ಸರಾಸರಿ ವೆಚ್ಚ ₹19.5 ಕೋಟಿ ಎಂದು ಐಬಿಎಂ 2024ರಲ್ಲಿ ಲೆಕ್ಕ ಕೊಟ್ಟಿತ್ತು. ಅದು ದೊಡ್ಡ ಸಂಸ್ಥೆಗಳ ಕಥೆ, ಅದರಲ್ಲೂ ಸೋರಿಕೆಯ ಕಥೆ. ಟೇಕಲ್ ರಸ್ತೆಯ ಪೈಪ್ ಅಂಗಡಿಯವರಿಗೆ ಈ ಅಂಕಿ ಹೇಳಿದರೆ ನಗುತ್ತಾರೆ, ನಕ್ಕು ವಿಷಯವನ್ನೇ ಮರೆಯುತ್ತಾರೆ. ಅವರಿಗೆ ಬೇಕಾದದ್ದು ಅವರದೇ ಅಂಕಿ.

ನಷ್ಟ ಎಲ್ಲಿ ಕೂತಿದೆ

ಎಪಿಎಂಸಿಯಲ್ಲಿ ರೈತರ ಟೊಮೆಟೊ ಮಾರಿಸಿ ಕಮಿಷನ್ ಪಡೆಯುವ ಮಂಡಿಯನ್ನೇ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಒಂದು ಮಧ್ಯಮ ಗಾತ್ರದ ಮಂಡಿಗೆ ದಿನಕ್ಕೆ 2,000 ಬಾಕ್ಸ್ ಬರುತ್ತವೆ ಎಂದು ಇಟ್ಟುಕೊಳ್ಳೋಣ. 15 ಕೆ.ಜಿ.ಯ ಬಾಕ್ಸ್‌ಗೆ ₹400 ಬಿದ್ದರೆ ದಿನದ ವಹಿವಾಟು ₹8 ಲಕ್ಷ. ಹೊರ ರಾಜ್ಯದ ಖರೀದಿದಾರರು ಹತ್ತು ದಿನದ ಉದ್ರಿ ಇಟ್ಟುಕೊಂಡರೆ ಯಾವ ದಿನ ನೋಡಿದರೂ ಮಂಡಿಗೆ ಬರಬೇಕಾದ ಬಾಕಿ ₹80 ಲಕ್ಷ. 2023ರ ಜುಲೈನಲ್ಲಿ ಬಾಕ್ಸ್ ಬೆಲೆ ₹2,000 ದಾಟಿತ್ತಲ್ಲ, ಆಗ ಇದೇ ಮಂಡಿಯ ಬಾಕಿ ₹4 ಕೋಟಿ ಆಗಿರುತ್ತಿತ್ತು. ಕಂಪ್ಯೂಟರ್ ಮಾತ್ರ ಅದೇ, ಮೂಲೆಯ ಮೇಜಿನ ಮೇಲಿನದು, ಮೇಲೆ ಟೊಮೆಟೊ ಧೂಳು.

ಈಗ ಆ ಕಂಪ್ಯೂಟರ್‌ನ ಡಿಸ್ಕ್ ಹೋಯಿತು ಎನ್ನಿ. ಡಿಸ್ಕ್ ಬೆಲೆ ಬಿಡಿ. ಮಂಡಿ ಕೊಡಬೇಕಾದ ಹಣಕ್ಕೆ ಸಾಕ್ಷಿ ಭದ್ರವಾಗಿದೆ, ಏಕೆಂದರೆ ಚೀಟಿ ರೈತನ ಜೇಬಿನಲ್ಲಿದೆ. ಮಾಲೂರಿನಿಂದಲೋ ಶ್ರೀನಿವಾಸಪುರದಿಂದಲೋ ಬಂದ ರೈತ ಚೀಟಿ ತೋರಿಸಿ ಹಣ ಕೇಳುತ್ತಾನೆ, ಕೊಡಲೇಬೇಕು. ಆದರೆ ಮಂಡಿಗೆ ಬರಬೇಕಾದ ಹಣಕ್ಕೆ ಸಾಕ್ಷಿ ಇದ್ದದ್ದು ಆ ಡಿಸ್ಕ್‌ನಲ್ಲಿ. ಯಾವ ಖರೀದಿದಾರ ಯಾವ ದಿನ ಎಷ್ಟು ಬಾಕ್ಸ್ ಎತ್ತಿದ, ಯಾವ ದರಕ್ಕೆ, ನಡುವೆ ಎಷ್ಟು ಕಟ್ಟಿದ ಎಂಬುದನ್ನು ಈಗ ಖರೀದಿದಾರನ ಬಾಯಿಂದಲೇ ಕೇಳಬೇಕು. ಒಳ್ಳೆಯವರು ಇದ್ದದ್ದು ಇದ್ದಂತೆ ಹೇಳುತ್ತಾರೆ. ಕೆಲವರಿಗೆ ಮರೆತಿರುತ್ತದೆ. ಕೆಲವರು ಮರೆಯುತ್ತಾರೆ. ನೂರಕ್ಕೆ ಐದರಷ್ಟು ಬಾಕಿ ತಕರಾರಿಗೆ ಬಿದ್ದರೂ ₹80 ಲಕ್ಷದಲ್ಲಿ ₹4 ಲಕ್ಷ. ಕಮಿಷನ್ ಮೇಲೆ ಬದುಕುವ ಮಂಡಿಗೆ ಅದು ಹಲವು ದಿನಗಳ ದುಡಿಮೆ. ಇದಕ್ಕೆ ರೈತರಿಗೆ ಕೊಟ್ಟ ಮುಂಗಡ ಸೇರಿಸಿ, ಹಳ್ಳಿಗಳಿಗೆ ಹೋದ ಖಾಲಿ ಕ್ರೇಟ್‌ಗಳ ಲೆಕ್ಕ ಸೇರಿಸಿ. ಯಾರ ಮನೆಯಂಗಳದಲ್ಲಿ ಎಷ್ಟು ಕ್ರೇಟ್ ಇದೆ ಎಂದು ನೆನಪಿನ ಮೇಲೆ ಹೇಳಬಲ್ಲ ಗುಮಾಸ್ತ ಈಗ ಅಪರೂಪ.

ಬಾಕಿಯ ಈ ಓರೆಕೋರೆಯೇ ಡೇಟಾ ನಷ್ಟದ ದೊಡ್ಡ ಭಾಗ. ನಾವು ಕೊಡಬೇಕಾದ್ದರ ಕಾಗದ ಬೇರೆಯವರ ಕೈಯಲ್ಲಿ ಇರುತ್ತದೆ. ನಮಗೆ ಬರಬೇಕಾದ್ದರ ಕಾಗದ ನಮ್ಮಲ್ಲಿ ಮಾತ್ರ. ಅಂಗಡಿ ಯಾವುದೇ ಇರಲಿ, ಮೊದಲು ಕಾಪಾಡಬೇಕಾದದ್ದು ಈ ಎರಡನೆಯದನ್ನು.

ಕಾರ್ಖಾನೆಯ ಲೆಕ್ಕ ಸ್ವಲ್ಪ ಬೇರೆ. ನರಸಾಪುರ, ವೇಮಗಲ್, ಮಾಲೂರು ಕಡೆಯ ಸಣ್ಣ ಘಟಕಗಳು ದೊಡ್ಡ ಕಂಪನಿಗಳಿಗೆ ಬಿಲ್ ಹಾಕುವುದರಿಂದ ಬಿಲ್ಲಿನ ಮುಖ್ಯ ವಿವರ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೇಗೂ ಇರುತ್ತದೆ. ವಾರ್ಷಿಕ ವಹಿವಾಟು ₹5 ಕೋಟಿ ದಾಟಿದ್ದರೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯ, ಅದೂ ದಾಖಲಾಗಿರುತ್ತದೆ. ಖರೀದಿಯ ಕಡೆಯದು ಜಿಎಸ್‌ಟಿ ಪೋರ್ಟಲ್‌ನದೇ 2ಬಿ ಪಟ್ಟಿಯಲ್ಲಿ ಸಿಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕ್‌ನಲ್ಲಿದೆ. ಇವಿಷ್ಟನ್ನು ಕೂಡಿಸಿ ಲೆಕ್ಕವನ್ನು ಮತ್ತೆ ಕಟ್ಟಬಹುದು, ಕೂಲಿ ಕೊಟ್ಟು ಬರೆಸಬೇಕು ಅಷ್ಟೆ.

ಎಲ್ಲೂ ಸಿಗದಿರುವುದು ಬೇರೆ ಇದೆ. ಡ್ರಾಯಿಂಗ್‌ಗಳು, ಯಂತ್ರಗಳನ್ನು ನಡೆಸುವ ಸಿಎನ್‌ಸಿ ಪ್ರೋಗ್ರಾಂಗಳು, ತಪಾಸಣೆ ವರದಿಗಳು, ಬೇರೆ ಘಟಕಕ್ಕೆ ಕೆಲಸಕ್ಕೆಂದು ಕಳುಹಿಸಿದ ಮಾಲಿನ ಜಾಬ್ ವರ್ಕ್ ಚಲನ್‌ಗಳು. ಒಂದು ಘಟಕದಲ್ಲಿ 300 ಪ್ರೋಗ್ರಾಂಗಳಿದ್ದು ಒಂದೊಂದನ್ನು ಮತ್ತೆ ಬರೆದು ಸರಿಹೊಂದಿಸಲು ಮೂರು ಗಂಟೆ ಹಿಡಿದರೆ 900 ಗಂಟೆ, ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ 112 ಪಾಳಿಗೂ ಹೆಚ್ಚು. ಅಷ್ಟು ಹೊತ್ತು ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬಂದಿದೆ ಎಂದು ತೋರಿಸಲಾಗದಿದ್ದರೆ ಅದನ್ನು ಕಳುಹಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ ಕೇಳುವ ಅವಕಾಶ ಜಿಎಸ್‌ಟಿ ಕಾನೂನಿನಲ್ಲಿದೆ, ಜೊತೆಗೆ ಬಡ್ಡಿ. ಕಿರು ಮತ್ತು ಸಣ್ಣ ಉದ್ದಿಮೆಗೆ ಖರೀದಿದಾರ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂಬ ಒಳ್ಳೆಯ ಕಾನೂನಿದೆ. ಆದರೆ ಮಾಲು ಯಾವ ದಿನ ಒಪ್ಪಿಸಿದಿರಿ ಎಂಬ ದಾಖಲೆ ಕಳೆದುಕೊಂಡು ಆ ಬಡ್ಡಿ ಕೇಳಲು ಹೋದರೆ ಯಾರೂ ಕಿವಿಗೊಡುವುದಿಲ್ಲ.

ಕಾನೂನು ಇನ್ನೆರಡು ಕಡೆ ಅಡ್ಡ ಬರುತ್ತದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಎಲೆಕ್ಟ್ರಾನಿಕ್ ದಾಖಲೆಯಾದರೆ, ಅವಘಡದಲ್ಲಿ ನಾಶವಾದರೂ ಸಮಂಜಸ ಕಾಲದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆಂದು ನಿಯಮವೇ ಹೇಳುತ್ತದೆ. "ಕಂಪ್ಯೂಟರ್ ಕೆಟ್ಟಿತು ಸಾರ್" ಎಂಬುದು ನೋಟಿಸ್‌ಗೆ ಉತ್ತರವಾಗುವುದಿಲ್ಲ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಲೆಕ್ಕದ ಬ್ಯಾಕಪ್ ಪ್ರತಿದಿನ ಆಗಬೇಕು, ಅದು ಭಾರತದಲ್ಲಿರುವ ಸರ್ವರ್‌ನಲ್ಲಿರಬೇಕು. 2022ರ ಆಗಸ್ಟ್ ತಿದ್ದುಪಡಿಗೆ ಮುಂಚೆ ನಿಯಮದಲ್ಲಿ "ನಿಯತಕಾಲಿಕವಾಗಿ" ಎಂದಷ್ಟೇ ಇತ್ತು, ಈಗ "ಪ್ರತಿದಿನ" ಎಂದಾಗಿದೆ. ಇದು ಗೊತ್ತಿಲ್ಲದ ನಿರ್ದೇಶಕರನ್ನು ಹುಡುಕಲು ದೂರ ಹೋಗಬೇಕಿಲ್ಲ.

ಹಾಗಾದರೆ ನಿಮ್ಮ ಅಂಕಿ ಇದು: ಕೆಲಸ ನಿಲ್ಲುವ ದಿನಗಳ ಗಳಿಕೆ, ಲೆಕ್ಕವನ್ನು ಮತ್ತೆ ಕಟ್ಟುವ ಕೂಲಿ, ಸಾಬೀತು ಮಾಡಲಾಗದೆ ಕೈಬಿಡುವ ಬಾಕಿ, ದಂಡ ಮತ್ತು ಬಡ್ಡಿ. ನಾಲ್ಕನ್ನೂ ಕೂಡಿಸಿ. ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ದಿನದ ಬರಹ ಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳಬಹುದು? ಸುಗ್ಗಿಯ ಮಂಡಿಗೆ ಮೊದಲನೆಯದಕ್ಕೆ ಉತ್ತರ ಅರ್ಧ ದಿನ. ಮರದ ಡಿಪೋದವರಿಗೆ ಒಂದು ವಾರವಾದರೂ ನಡೆಯುತ್ತದೆ. ಆಯ್ಕೆ ಇಲ್ಲಿ ಕವಲೊಡೆಯುತ್ತದೆ.

ಏನೂ ಮಾಡದಿರುವುದೂ ಒಂದು ಆಯ್ಕೆ

ಹೆಚ್ಚಿನವರು ಆರಿಸಿಕೊಂಡಿರುವುದು ಇದನ್ನೇ, ಆರಿಸಿಕೊಂಡದ್ದು ಅವರಿಗೇ ಗೊತ್ತಿಲ್ಲ. ಕೆಟ್ಟರೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಒಯ್ದರಾಯಿತು ಎಂಬ ಧೈರ್ಯ. ಡಿಸ್ಕ್ ಕೆಡುವುದೇನು ದಿನಾ ನಡೆಯುವುದಲ್ಲ, ನಿಜ. ಲಕ್ಷಗಟ್ಟಲೆ ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿಯ 2024ರ ಲೆಕ್ಕದಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಒಂದೂವರೆ ಡಿಸ್ಕ್ ಕೆಟ್ಟಿವೆ. ಅವು ಹವಾನಿಯಂತ್ರಿತ ಕೋಣೆಯಲ್ಲಿ, ತಡೆಯಿಲ್ಲದ ವಿದ್ಯುತ್ತಿನಲ್ಲಿ ಓಡುವ ಡಿಸ್ಕ್‌ಗಳು. ನಮ್ಮವು ಬೆಸ್ಕಾಂ ಕರೆಂಟ್ ಹೋಗಿ ಬರುವ ಆಟದ ನಡುವೆ, ಬ್ಯಾಟರಿ ಸತ್ತ ಯುಪಿಎಸ್ ಮೇಲೆ ಓಡುತ್ತವೆ. ಅದಲ್ಲದೆ ಡಿಸ್ಕ್ ಕೆಡುವುದು ಹಲವು ದಾರಿಗಳಲ್ಲಿ ಒಂದು ಮಾತ್ರ. ಕಳವು, ಬೆಂಕಿ, ತಪ್ಪಾಗಿ ಅಳಿಸಿದ್ದು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್, ಎಲ್ಲ ಸಾಲಿನಲ್ಲಿವೆ.

ರಿಕವರಿ ಪ್ರಯೋಗಾಲಯಗಳು ಕೆಲವೊಮ್ಮೆ ಪವಾಡ ಮಾಡುತ್ತವೆ, ಬಿಲ್ ಕೂಡ ಹಾಗೇ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ. ಮತ್ತೊಮ್ಮೆ ಹಾಕಿ ನೋಡೋಣ ಎಂದ ಪ್ರತಿ ಸಲವೂ ಒಳಗಿನ ತಟ್ಟೆಯ ಮೇಲೆ ಗೀರು ಬೀಳಬಹುದು. ತಿರುಗುವ ತಟ್ಟೆಯಿಲ್ಲದ ಈಗಿನ ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಅಳಿಸಿದ ಫೈಲ್‌ನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನಾಗಿ ಖಾಲಿ ಮಾಡಿಬಿಡುವುದರಿಂದ ಆಮೇಲೆ ಯಾವ ಪ್ರಯೋಗಾಲಯಕ್ಕೂ ಹೆಚ್ಚೇನೂ ಸಿಗುವುದಿಲ್ಲ. ಹೊಸ ಕಂಪ್ಯೂಟರ್ ತೆಗೆದುಕೊಂಡವರು ಈ ಧೈರ್ಯವನ್ನೂ ಹಳೆಯದರ ಜೊತೆಗೇ ಮಾರಿದ್ದಾರೆ ಎಂದುಕೊಳ್ಳಬೇಕು.

ಎಕ್ಸ್‌ಟರ್ನಲ್ ಡಿಸ್ಕ್: ಅಗ್ಗ, ಒಳ್ಳೆಯದು, ಆದರೆ

₹5,000ದಿಂದ ₹7,000ಕ್ಕೆ ಒಂದು ಟಿಬಿಯ, ಅಂದರೆ ಸಾವಿರ ಜಿಬಿಯ ಡಿಸ್ಕ್ ಸಿಗುತ್ತದೆ. ಅಂಗಡಿಯೊಂದರ ಇಪ್ಪತ್ತು ವರ್ಷದ ಲೆಕ್ಕ ಅದರ ಒಂದು ಮೂಲೆಗೂ ಸಾಲದು. ಹಣ ಕಡಿಮೆ, ತಿಂಗಳ ಬಾಡಿಗೆ ಇಲ್ಲ, ಇಂಟರ್ನೆಟ್ ಬೇಕಿಲ್ಲ, ಮರಳಿ ಹಾಕಲು ಅರ್ಧ ಗಂಟೆ. ಕಾಗದದ ಮೇಲೆ ಇದಕ್ಕಿಂತ ಲಾಭದ ಆಯ್ಕೆ ಬೇರೆ ಇಲ್ಲ.

ಅಂಗಡಿಗೆ ಹೋಗಿ ನೋಡಿದರೆ ಚಿತ್ರ ಬೇರೆ. ಆಪರೇಟರ್ ಹುಡುಗ "ದಿನಾ ಬ್ಯಾಕಪ್ ತೆಗೆಯುತ್ತೇನೆ ಸಾರ್" ಎನ್ನುತ್ತಾನೆ, ನಿಜವೂ ಹೌದು. ತೆಗೆಯುವುದು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ. ಎರಡೂ ಒಂದೇ ಡಿಸ್ಕ್‌ನ ಎರಡು ಭಾಗಗಳು, ಹೋದರೆ ಜೊತೆಯಾಗಿ ಹೋಗುತ್ತವೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬ್ಯಾಕಪ್ ಒತ್ತಿದಾಗ ಬರುವ ಪರದೆಯಲ್ಲಿ ಅದು ಎಲ್ಲಿಗೆ ಹೋಗುತ್ತಿದೆ ಎಂಬ ಸಾಲು ಇರುತ್ತದೆ. ಆ ಸಾಲನ್ನು ಒಮ್ಮೆ ಓದಿ. ಮಾಲೀಕರಲ್ಲಿ ಅದನ್ನು ಓದಿದವರು ಕಡಿಮೆ.

ಇನ್ನು ಕೆಲವರಲ್ಲಿ ಡಿಸ್ಕ್ ನಿಜವಾಗಿಯೂ ಹೊರಗಿನದೇ, ಆದರೆ ಕಂಪ್ಯೂಟರ್ ಹಿಂದೆ ಸದಾ ಸಿಕ್ಕಿಸಿಕೊಂಡೇ ಇರುತ್ತದೆ. ರಾನ್ಸಮ್‌ವೇರ್ ಬಂದರೆ ಕಾಣುವ ಎಲ್ಲ ಡ್ರೈವ್‌ಗಳಿಗೂ ಬೀಗ ಹಾಕುತ್ತದೆ, ಬ್ಯಾಕಪ್ ಡಿಸ್ಕ್ ಎಂದು ಕರುಣೆ ತೋರಿಸುವುದಿಲ್ಲ. ಕಳ್ಳ ಬಂದರೆ ಕಂಪ್ಯೂಟರ್ ಜೊತೆ ಅದನ್ನೂ ಒಯ್ಯುತ್ತಾನೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡವರು, 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟ ವಿಂಡೋಸ್ 10ನಲ್ಲೇ ಉಳಿದವರು ಈ ಸಾಲನ್ನು ಎರಡು ಸಲ ಓದಬೇಕು.

ಸರಿಯಾಗಿ ಮಾಡುವ ಕ್ರಮ ಸುಲಭ. ಎರಡು ಡಿಸ್ಕ್ ತನ್ನಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಸಂಜೆ ಬ್ಯಾಕಪ್ ಆದ ಮೇಲೆ ಡಿಸ್ಕ್ ಕಿತ್ತು ಬೀರುವಿಗೆ, ಪ್ರತಿ ಶನಿವಾರ ಎರಡನ್ನೂ ಅದಲು ಬದಲು. ಪ್ರತಿ ದಿನದ ನಕಲನ್ನು ಆ ದಿನಾಂಕದ ಹೆಸರಿನ ಬೇರೆ ಫೋಲ್ಡರ್‌ಗೆ ಹಾಕಿ. ಒಂದೇ ಫೈಲ್‌ನ ಮೇಲೆ ಬರೆಯುತ್ತಾ ಹೋದರೆ ನಿನ್ನೆ ಕೆಟ್ಟ ಲೆಕ್ಕ ಇಂದಿನ ಬ್ಯಾಕಪ್ ಆಗುತ್ತದೆ. ₹12,000ದ ಈ ಏರ್ಪಾಡು ನಮ್ಮ ಊರಿನ ಹೆಚ್ಚಿನ ಅಂಗಡಿಗಳಿಗೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ದೌರ್ಬಲ್ಯ ಯಂತ್ರದಲ್ಲಿಲ್ಲ, ಶನಿವಾರದಲ್ಲಿದೆ. ಮೂರನೇ ಶನಿವಾರಕ್ಕೆ ಉತ್ಸಾಹ ಇಳಿಯುತ್ತದೆ, ಹಬ್ಬ ಬಂದರೆ ನಿಂತೇ ಹೋಗುತ್ತದೆ.

ಪೆನ್ ಡ್ರೈವ್ ಬಗ್ಗೆ ಒಂದೇ ಮಾತು: ಒಯ್ಯಲು ಸರಿ, ಇಡಲು ಬೇಡ.

ನ್ಯಾಸ್ ಪೆಟ್ಟಿಗೆ

ಎರಡು ಡಿಸ್ಕ್ ಕೂರಿಸಿ ನೆಟ್‌ವರ್ಕ್‌ಗೆ ಜೋಡಿಸುವ ಈ ಪೆಟ್ಟಿಗೆ ಡಿಸ್ಕ್ ಸಮೇತ ₹30,000ದಿಂದ ಮೇಲೆ. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇರುವ ಕಡೆ, ಡ್ರಾಯಿಂಗ್ ಫೈಲ್‌ಗಳು ದೊಡ್ಡದಿರುವ ಕಡೆ ಇದಕ್ಕೆ ಅರ್ಥವಿದೆ. ಯಾರೂ ನೆನಪಿಟ್ಟುಕೊಳ್ಳದೆ ಗಂಟೆಗೊಮ್ಮೆ ನಕಲು ಆಗುತ್ತದೆ, ಹಳೆಯ ಆವೃತ್ತಿಗಳು ಉಳಿಯುತ್ತವೆ, ಡಿಸ್ಕ್ ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಮಾರುವವರು ಹೇಳದ ಮಾತೆಂದರೆ, ಒಳಗಿನ ಎರಡು ಡಿಸ್ಕ್‌ಗಳು ಒಂದರ ನಕಲು ಇನ್ನೊಂದು ಆಗಿರುವುದನ್ನು ಬ್ಯಾಕಪ್ ಎಂದು ಎಣಿಸಬಾರದು. ಫೈಲ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಪೆಟ್ಟಿಗೆಯೂ ಕಂಪ್ಯೂಟರ್‌ಗಳೂ ಒಂದೇ ಕೋಣೆಯಲ್ಲಿದ್ದರೆ ಬೆಂಕಿಗೆ ಎರಡೂ ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟಿಬಿ ಡೇಟಾ ಸುಟ್ಟುಹೋಯಿತು. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಅದರ ನಕಲು ಬೇರೆಡೆ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ನಮಗಿಂತ ಎಷ್ಟೋ ಮುಂದಿರುವ ದೇಶದ ಸರ್ಕಾರ ಅದು. ನ್ಯಾಸ್ ಕೊಂಡವರು ಇನ್ನೊಂದು ಡಿಸ್ಕ್‌ನ ಖರ್ಚನ್ನೂ, ಅದನ್ನು ಬೇರೆ ಕಟ್ಟಡಕ್ಕೆ ಒಯ್ಯುವ ಕೆಲಸವನ್ನೂ ಸೇರಿಸಿಯೇ ಬೆಲೆ ನೋಡಬೇಕು.

ಗೂಗಲ್ ಡ್ರೈವ್‌ಗೆ ಹಾಕಿದ್ದೇನಲ್ಲ?

ಗೂಗಲ್‌ನ ಈ ಆನ್‌ಲೈನ್ ಜಾಗದಲ್ಲಿ 15 ಜಿಬಿ ಉಚಿತ, 100 ಜಿಬಿಗೆ ತಿಂಗಳಿಗೆ ₹130ರ ಆಸುಪಾಸು. ಸಣ್ಣ ಅಂಗಡಿಗೆ ಆಕರ್ಷಕ ಬೆಲೆ. ಬೆಂಕಿ, ಕಳವು, ಡಿಸ್ಕ್ ಕೆಡುವುದು ಈ ಮೂರಕ್ಕೂ ಇದು ಒಳ್ಳೆಯ ಉತ್ತರ, ಏಕೆಂದರೆ ನಕಲು ಊರಿನಲ್ಲೇ ಇಲ್ಲ.

ಆದರೆ ಡ್ರೈವ್, ಒನ್‌ಡ್ರೈವ್ ಇವೆಲ್ಲ ಮಾಡುವುದು ಸಿಂಕ್. ಇಲ್ಲಿ ಬದಲಾದದ್ದು ಅಲ್ಲಿಯೂ ಬದಲಾಗುತ್ತದೆ. ಇಲ್ಲಿ ಅಳಿಸಿದ್ದು ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ. ಮಾರ್ಚ್‌ನಲ್ಲಿ ಅಳಿದ ಫೋಲ್ಡರ್ ಆಡಿಟ್‌ಗೆಂದು ಸೆಪ್ಟೆಂಬರ್‌ನಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಹಳೆಯ ಆವೃತ್ತಿಗಳಿಗೂ 30 ದಿನ ಅಥವಾ 100 ಆವೃತ್ತಿಯ ಮಿತಿ. ರಾನ್ಸಮ್‌ವೇರ್ ಬಿದ್ದರೆ ಬೀಗ ಬಿದ್ದ ಫೈಲ್‌ಗಳೇ ಮೇಲಕ್ಕೆ ಹೋಗುತ್ತವೆ. ಹಿಂದಿನ ಆವೃತ್ತಿಗೆ ಮರಳಬಹುದು, ಆದರೆ ಎಲ್ಲವನ್ನೂ ಒಟ್ಟಿಗೆ ಮರಳಿಸುವ ಸೌಲಭ್ಯ ನಿಮ್ಮ ಖಾತೆಯಲ್ಲಿ ಇಲ್ಲದಿದ್ದರೆ ಸಾವಿರಾರು ಫೈಲ್‌ಗಳಿಗೆ ಒಂದೊಂದಾಗಿ ಮಾಡುವ ಪಾಡು ಬೇಡ.

ಟ್ಯಾಲಿಯ ಡೇಟಾ ಫೋಲ್ಡರ್ ಅನ್ನೇ ನೇರವಾಗಿ ಸಿಂಕ್‌ಗೆ ಇಟ್ಟವರನ್ನು ಕಂಡಿದ್ದೇನೆ. 10000 ಎಂಬಂಥ ಅಂಕಿಯ ಹೆಸರಿನ ಆ ಫೋಲ್ಡರ್‌ನಲ್ಲಿ ಹಲವು ಫೈಲ್‌ಗಳು ಒಂದಕ್ಕೊಂದು ತಾಳೆಯಾಗಿರಬೇಕು. ಬಿಲ್ ಹಾಕುತ್ತಿರುವಾಗಲೇ ಅರ್ಧ ಫೈಲ್ ಮೇಲಕ್ಕೆ ಹೋಗಿ, ಇನ್ನರ್ಧ ಹೋಗುವಷ್ಟರಲ್ಲಿ ಬದಲಾಗಿದ್ದರೆ ಮರಳಿ ತಂದಾಗ ಟ್ಯಾಲಿಯಲ್ಲಿ ಆ ಲೆಕ್ಕ ತೆರೆಯುವುದೇ ಇಲ್ಲ. ಮೊದಲು ಸಾಫ್ಟ್‌ವೇರ್ ಒಳಗಿನಿಂದ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಫೈಲ್ ಅನ್ನು ಮಾತ್ರ ಡ್ರೈವ್‌ಗೆ ಹಾಕುವುದು ಸರಿಯಾದ ದಾರಿ.

ಕಂಪನಿಗಳಿಗೆ ಇನ್ನೊಂದು ತಕರಾರು. ಡೇಟಾ ಭಾರತದ ಸರ್ವರ್‌ನಲ್ಲೇ ಇರಲಿ ಎಂದು ಸಾಮಾನ್ಯ ಗ್ರಾಹಕ ಖಾತೆಯಲ್ಲಿ ಆರಿಸಿಕೊಳ್ಳಲು ಬರುವುದಿಲ್ಲ. ಮೇಲೆ ಹೇಳಿದ ನಿಯಮಕ್ಕೆ ಇದು ಉತ್ತರವಾಗಲಾರದು.

ನಿಜವಾದ ಕ್ಲೌಡ್ ಬ್ಯಾಕಪ್

ಇಂಟರ್ನೆಟ್ ಮೂಲಕ ದೂರದ ಡೇಟಾ ಕೇಂದ್ರದಲ್ಲಿ ಪ್ರತಿ ಇಡುವ ಸೇವೆ ಇದು. ಸಿಂಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದು ದಿನ ದಿನದ ಪ್ರತಿಯನ್ನು ಬೇರೆ ಬೇರೆಯಾಗಿ ಇಡುತ್ತದೆ, ಗೊತ್ತುಪಡಿಸಿದ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕಲು ಬರುತ್ತದೆ. ಅಮೆಜಾನ್‌ನಲ್ಲಿ ಈ ಸೌಲಭ್ಯಕ್ಕೆ ಆಬ್ಜೆಕ್ಟ್ ಲಾಕ್ ಎನ್ನುತ್ತಾರೆ, ಬೇರೆಯವರಲ್ಲೂ ಇಂಥದ್ದಿದೆ. ಮುಂಬೈ, ಹೈದರಾಬಾದ್, ಪುಣೆ, ದೆಹಲಿ ಎಂದು ಭಾರತದೊಳಗಿನ ಕೇಂದ್ರಗಳನ್ನು ಆರಿಸಿಕೊಳ್ಳಬಹುದು. ಕಂಪನಿಗಳಿಗೆ, ₹20 ಲಕ್ಷಕ್ಕಿಂತ ಹೆಚ್ಚು ನಷ್ಟ ಅಂದಾಜಾದ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ.

ತೊಡಕು ವೇಗದಲ್ಲಿದೆ. 500 ಜಿಬಿ ಡ್ರಾಯಿಂಗ್‌ಗಳನ್ನು 40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ಮೇಲಕ್ಕೆ ಕಳುಹಿಸಲು ತಡೆಯಿಲ್ಲದೆ 28 ಗಂಟೆ ಬೇಕು, 100 ಎಂಬಿಪಿಎಸ್‌ನಲ್ಲಿ ಕೆಳಗಿಳಿಸಲು 11 ಗಂಟೆ. ಕೈಗಾರಿಕಾ ಪ್ರದೇಶದಲ್ಲಿ ರಸ್ತೆ ಅಗೆದು ಕೇಬಲ್ ಕತ್ತರಿಸಿದ ವಾರದಲ್ಲಿ ಈ ಲೆಕ್ಕವೂ ಹಿಡಿಯುವುದಿಲ್ಲ. ಕೆಲವು ಸೇವೆಗಳು ಡೇಟಾ ಇಡಲು ಅಗ್ಗ, ಮರಳಿ ಇಳಿಸಲು ಬೇರೆ ಶುಲ್ಕ. ಒಪ್ಪಂದದಲ್ಲಿ ಆ ಸಾಲನ್ನು ಹುಡುಕಿ. ತುರ್ತಿಗೆ ಹತ್ತಿರದ ಡಿಸ್ಕ್, ದುರಂತಕ್ಕೆ ದೂರದ ಕ್ಲೌಡ್ ಎಂಬ ಜೋಡಿಯೇ ವಾಸಿ.

ಕ್ಲೌಡ್ ಎಂದರೂ ಅದು ಯಾವುದೋ ಊರಿನ ಒಂದು ಕಟ್ಟಡ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರ ಸುಟ್ಟಾಗ, ಬ್ಯಾಕಪ್ ಅನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಅದಕ್ಕೂ ಹಿಂದೆ, 2014ರಲ್ಲಿ, ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಗೆ ನುಗ್ಗಿದವನು ಡೇಟಾವನ್ನೂ ಬ್ಯಾಕಪ್‌ಗಳನ್ನೂ ಒಟ್ಟಿಗೆ ಅಳಿಸಿದ. ಎಲ್ಲವೂ ಒಂದೇ ಖಾತೆಯಡಿ ಇತ್ತು. ಕಂಪನಿ ಬಾಗಿಲು ಹಾಕಿತು.

ಲೆಕ್ಕವನ್ನೇ ಕ್ಲೌಡ್‌ಗೆ ಸಾಗಿಸುವುದು

ಝೋಹೊ ಬುಕ್ಸ್‌ನಂಥ ಆನ್‌ಲೈನ್ ಸಾಫ್ಟ್‌ವೇರ್, ಇಲ್ಲವೇ ಬಾಡಿಗೆ ಸರ್ವರ್‌ನಲ್ಲಿ ಟ್ಯಾಲಿ. ಅಂಗಡಿಯ ಕಂಪ್ಯೂಟರ್ ಸತ್ತರೆ ಇನ್ನೊಂದರಲ್ಲಿ ತೆರೆದು ಮುಂದುವರಿಸಬಹುದು, ಇದು ದೊಡ್ಡ ಅನುಕೂಲ. ಆದರೆ ಬ್ಯಾಕಪ್ ತಲೆನೋವು ಮಾಯವಾಗುವುದಿಲ್ಲ, ಬೇರೆಯವರ ತಲೆಗೆ ಹೋಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಕಂಪನಿಗೆ ರಾನ್ಸಮ್‌ವೇರ್ ಬಡಿದಾಗ ಅದನ್ನು ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಪಾವತಿ ವ್ಯವಸ್ಥೆ ನಿಂತಿತ್ತು. ಆ ಬ್ಯಾಂಕ್‌ಗಳ ತಪ್ಪೇನೂ ಇರಲಿಲ್ಲ. ತಿಂಗಳಿಗೊಮ್ಮೆ ಪೂರ್ತಿ ಲೆಕ್ಕವನ್ನು ಎಕ್ಸೆಲ್ ಆಗಿ ಇಳಿಸಿಕೊಳ್ಳಲು ಬಿಡುತ್ತಾರೆಯೇ, ಚಂದಾ ನಿಲ್ಲಿಸಿದರೆ ಡೇಟಾ ಎಷ್ಟು ದಿನ ಇರುತ್ತದೆ, ಈ ಎರಡನ್ನು ಬರಹದಲ್ಲಿ ಪಡೆಯಿರಿ. ಎಪಿಎಂಸಿ ಪ್ರಾಂಗಣದಲ್ಲಿ ಬೆಳಗಿನ ಹರಾಜಿನ ಹೊತ್ತಿಗೆ ಇಂಟರ್ನೆಟ್ ಕೈಕೊಟ್ಟರೆ ಚೀಟಿ ಹರಿಯುವುದು ಹೇಗೆ ಎಂದು ಯೋಚಿಸದೆ ಮಂಡಿಯವರು ಇದಕ್ಕೆ ಹೋಗಬಾರದು.

ವಿಮೆ ತೆಗೆದುಕೊಂಡರೆ ಸಾಲದೇ?

ಸಾಲದು. ಬ್ರಿಟನ್ನಿನ ನೈಟ್ಸ್ ಆಫ್ ಓಲ್ಡ್ ಎಂಬ 158 ವರ್ಷ ಹಳೆಯ ಲಾರಿ ಸಾರಿಗೆ ಸಂಸ್ಥೆ ಇದ್ದದ್ದು ಕೆಎನ್‌ಪಿ ಸಮೂಹದಲ್ಲಿ. ಸೈಬರ್ ವಿಮೆ ಇತ್ತು. 2023ರ ಜೂನ್‌ನಲ್ಲಿ ರಾನ್ಸಮ್‌ವೇರ್ ಬಡಿದು ಲೆಕ್ಕಪತ್ರದ ಡೇಟಾ ಹೋಯಿತು. ಲಾರಿಗಳು ಓಡುತ್ತಲೇ ಇದ್ದವು, ಆದರೆ ಸಾಲ ಕೊಟ್ಟವರಿಗೆ ತೋರಿಸಬೇಕಾದ ಹಣಕಾಸಿನ ವಿವರ ತೋರಿಸಲಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಮೂಹ ಮುಳುಗಿತು, ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. ವಿಮೆ ಹಣ ಕೊಡಬಲ್ಲದು, ಬಾಕಿ ಪಟ್ಟಿ ಬರೆದುಕೊಡಲಾರದು. ಮೇಲಿನ ಯಾವುದಾದರೂ ಏರ್ಪಾಡಿನ ಜೊತೆಗೆ ಬೇಕಿದ್ದರೆ ತೆಗೆದುಕೊಳ್ಳಿ.

ಕೊನೆಗೆ ಯಾರಿಗೆ ಯಾವುದು

ದಿನಕ್ಕೆ ಐವತ್ತು ಬಿಲ್ ಹಾಕುವ ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗೆ ಅದಲು ಬದಲಿನ ಎರಡು ಡಿಸ್ಕ್, ಜೊತೆಗೆ ಬ್ಯಾಕಪ್ ಫೈಲ್ ಮಾತ್ರ ಹೋಗುವ ಡ್ರೈವ್ ಖಾತೆ. ಮೊದಲ ವರ್ಷಕ್ಕೆ ₹14,000ದ ಆಸುಪಾಸು.

ಮಂಡಿಗೆ ಇದೇ ಜೋಡಿ ಸಾಕು, ಆದರೆ ಹೊತ್ತು ಬೇರೆ. ಸಂಜೆಯ ಬ್ಯಾಕಪ್ ಮಂಡಿಗೆ ತಡ. ಹರಾಜು ಮುಗಿದು ಚೀಟಿ ಹರಿದ ಕೂಡಲೇ ಒಂದು ಪ್ರತಿ, ಹಣದ ವಹಿವಾಟು ಮುಗಿದ ಮೇಲೆ ಇನ್ನೊಂದು. ಅದಕ್ಕಿಂತ ಮುಖ್ಯವಾಗಿ, ದಿನದ ಕೊನೆಗೆ ಪ್ರತಿ ಖರೀದಿದಾರರಿಗೆ ಅವರ ಬಾಕಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, "ಸರಿ ಇದೆ" ಎಂಬ ಉತ್ತರ ಪಡೆಯಿರಿ. ಬರಬೇಕಾದ ಹಣದ ಸಾಕ್ಷಿಯೂ ಇನ್ನೊಬ್ಬರ ಕೈಗೆ ಸೇರುತ್ತದೆ, ಖರ್ಚು ಸೊನ್ನೆ. ನನ್ನನ್ನು ಕೇಳಿದರೆ ಇಡೀ ಮಾರುಕಟ್ಟೆಯಲ್ಲಿ ಅತಿ ಅಗ್ಗದ ಬ್ಯಾಕಪ್ ಇದೇ, ಕಂಪ್ಯೂಟರ್ ಮಾರುವವರು ಮಾತ್ರ ಇದನ್ನು ಹೇಳುವುದಿಲ್ಲ.

ಕಾರ್ಖಾನೆಗೆ ನ್ಯಾಸ್, ಹೊರಗೆ ಒಯ್ಯುವ ಒಂದು ಡಿಸ್ಕ್, ಭಾರತದೊಳಗಿನ ಕ್ಲೌಡ್‌ನಲ್ಲಿ ಬೀಗ ಹಾಕಿದ ಪ್ರತಿ, ಮೂರೂ ಬೇಕು. ಮೊದಲ ವರ್ಷಕ್ಕೆ ₹60,000 ಮೇಲೆ ಹೋಗಬಹುದು. ಪ್ರೋಗ್ರಾಂಗಳನ್ನು ಮತ್ತೆ ಬರೆಯುವ ಆ 112 ಪಾಳಿಯ ಪಕ್ಕದಲ್ಲಿ ಇಟ್ಟು ನೋಡಿ. ಮದುವೆ ಫೋಟೊ ತೆಗೆಯುವ ಸ್ಟುಡಿಯೋಗಳಿಗೆ ಡಿಸ್ಕ್‌ಗಳೇ ಗತಿ, ಕ್ಲೌಡ್‌ಗೆ ಅಷ್ಟು ಗಾತ್ರ ಹತ್ತುವುದಿಲ್ಲ. ಎರಡು ಪ್ರತಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ. ಕ್ಲಿನಿಕ್, ಲ್ಯಾಬ್‌ಗಳು ರೋಗಿಗಳ ಮಾಹಿತಿ ಇಡುವುದರಿಂದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನೂ ನೋಡಿಕೊಳ್ಳಬೇಕು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾಹಿತಿ ಕೈಗೆ ಸಿಗದಂತಾಗುವುದೂ ಉಲ್ಲಂಘನೆಯೇ, ಭದ್ರತೆಯ ಲೋಪಕ್ಕೆ ದಂಡದ ಮಿತಿ ₹250 ಕೋಟಿ.

ಯಾವುದನ್ನೇ ಆರಿಸಿ, ಮರಳಿ ತಂದು ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸಿದಾಗ, ಹಲವು ಬಗೆಯ ಬ್ಯಾಕಪ್‌ಗಳಿದ್ದರೂ ನಿರೀಕ್ಷಿಸಿದಂತೆ ಒಂದೂ ಕೈಗೆ ಬರಲಿಲ್ಲ. ಸೋತ ಬ್ಯಾಕಪ್‌ನ ಎಚ್ಚರಿಕೆ ಇಮೇಲ್‌ಗಳು ತಲುಪುತ್ತಲೇ ಇರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ಒಬ್ಬರು ತೆಗೆದಿಟ್ಟಿದ್ದ ಪ್ರತಿ ಅವರನ್ನು ಉಳಿಸಿತು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಅನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ, ಹಿಂದಿನ ದಿನದ ಕೊನೆಯ ಬಿಲ್ಲಿನ ಸಂಖ್ಯೆ ತಾಳೆ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ.

ಹಾಗೆ ತೆರೆಯುವಾಗ ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬುದೂ ಹೊರಬೀಳುತ್ತದೆ. ಬಹಳ ಅಂಗಡಿಗಳಲ್ಲಿ ಡ್ರೈವ್ ಖಾತೆ ತೆರೆದದ್ದು ಆಪರೇಟರ್‌ನ ಸ್ವಂತ ಇಮೇಲ್‌ನಲ್ಲಿ, ಒಟಿಪಿ ಹೋಗುವುದು ಅವನ ಮೊಬೈಲ್‌ಗೆ. ಅವನು ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದ ದಿನ ನಿಮ್ಮ ಬ್ಯಾಕಪ್ ಕೂಡ ಊರು ಬಿಡುತ್ತದೆ. ಖಾತೆಯನ್ನು ಸಂಸ್ಥೆಯ ಇಮೇಲ್‌ಗೆ, ಒಟಿಪಿಯನ್ನು ಮಾಲೀಕರ ಸಿಮ್‌ಗೆ ಈ ವಾರವೇ ಬದಲಿಸಿ. ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದು, ಆಸ್ತಿ ಪತ್ರಗಳಿರುವ ಕಡೆಯೇ ಇಡಿ.